ಹದ್ದಿನ ಬಂಡೆಯ ಕವಾಯತು

"ಅಜ್ಜಾರೆ, ಪುರಾಣದ ಅಸುರನಿಗೆ ವರ ಇರುತ್ತದೆ. ವರ ಇಲ್ಲದ ಕೆಟ್ಟ ದೊರೆಗೆ ಅಷ್ಟು ಬಲ ಎಲ್ಲಿಂದ ಬರುತ್ತದೆ?"

ಕೇಳಿದವನು ಮಠದ ಶಿಷ್ಯ ಪಂಪಣ್ಣ. ಮಠದ ಹಿರಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಗುರುವೂ ಶಿಷ್ಯನೂ ದಾಸೋಹದ ಮನೆಯ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಹಿಂದಿನ ಸಂಜೆ ಪುರಾಣ ಓದಿದವನು ಪಂಪಣ್ಣನೇ. ಅಸುರನಿಗೆ ಹೆದರಿ ದೇವತೆಗಳೆಲ್ಲ ಗವಿ ಸೇರಿದ ಭಾಗ ಓದುವಾಗ ಈ ಪ್ರಶ್ನೆ ಅವನ ತಲೆ ಹೊಕ್ಕಿತ್ತು. ಹೊಕ್ಕದ್ದು ಹೊರಗೆ ಬಂದಿರಲಿಲ್ಲ.

"ಅವನು ಒಬ್ಬ. ಉಳಿದವರು ಊರಿಗೆ ಊರು," ಎಂದ. "ತಲೆಗೊಂದು ಹಿಡಿ ಮಣ್ಣು ಎಸೆದರೂ ಅವನು ಮುಚ್ಚಿಹೋಗುತ್ತಾನೆ. ಆದರೂ ಯಾರೂ ಎಸೆಯುವುದಿಲ್ಲ."

"ಹೆದರಿಕೆ ಇರಬಹುದಪ್ಪ."

"ಹೆದರಿಕೆ ಬಿಟ್ಟವರೂ ಇರುತ್ತಾರಲ್ಲ, ಅಜ್ಜಾರೆ?"

"ಇರುತ್ತಾರೆ. ಅಂಥವನೊಬ್ಬನ ಕತೆ ಹೇಳುತ್ತೇನೆ. ಆದರೆ ಬೀಜ ಬಿಡಿಸುವುದನ್ನು ನಿಲ್ಲಿಸಬೇಡ. ಕತೆಯ ನೆಪದಲ್ಲಿ ನಿನ್ನ ರಾಶಿ ಹಾಗೇ ಉಳಿಯುತ್ತದೆ, ನನಗೆ ಗೊತ್ತಿಲ್ಲವೇ ನಿನ್ನ ಆಟ?"

ಪಂಪಣ್ಣ ನಾಚಿಕೊಂಡು ಇನ್ನೊಂದು ಹಣ್ಣು ಎತ್ತಿಕೊಂಡ. ಅಜ್ಜಾರು ಹೇಳತೊಡಗಿದರು.

ಒಂದು ಕೋಟೆ. ಕೋಟೆಗೆ ಒಬ್ಬ ಎಳೆಯ ದೊರೆ, ದೊರೆಯ ಪಡೆಗೆ ಒಬ್ಬ ದಳವಾಯಿ. ಹಳೆಯ ದೊರೆ ತೀರಿಕೊಂಡ ಮೇಲೆ ದಳವಾಯಿ ಎಳೆಯ ದೊರೆಯನ್ನು ಅರಮನೆಯ ಒಳಗೆ ಕೂರಿಸಿ ಬಾಗಿಲು ಹಾಕಿಸಿದ. ಮಂತ್ರಿಯನ್ನು ಓಡಿಸಿದ. ಗದ್ದುಗೆಯ ಮೇಲೆ ತಾನೇ ಕುಳಿತ. ಅಂದಿನಿಂದ ಅವನು ಆಡಿದ್ದೇ ಕಾನೂನು. ಅವನು ನಕ್ಕರೆ ಊರಿಗೆ ಹಬ್ಬ, ಮುಖ ಗಂಟಿಕ್ಕಿದರೆ ಯಾರದೋ ಮನೆಯಲ್ಲಿ ಸೂತಕ.

ಅವನ ಪಡೆಯ ಕವಾಯತಿಗೆ ಒಂದು ಪದ್ಧತಿ ಇತ್ತು. ಹೊಸದಾಗಿ ಸೇರಿದ ಸಿಪಾಯಿಗಳ ಕಣ್ಣಿಗೆ ಬಟ್ಟೆ ಕಟ್ಟಿ ಮೈದಾನದಲ್ಲಿ ನಿಲ್ಲಿಸುತ್ತಿದ್ದರು. ದಳವಾಯಿ ಖುದ್ದು ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದ. ಅವನ ಕೂಗು ಮೂರೇ. ನಡಿ ಎಂದರೆ ನಡೆಯಬೇಕು. ನಿಲ್ ಎಂದರೆ ನಿಲ್ಲಬೇಕು. ಮಂಡಿ ಎಂದರೆ ಒಂದು ಮಂಡಿ ನೆಲಕ್ಕೂರಿ, ಆಯುಧವನ್ನು ಮುಂದೆ ಇಟ್ಟು, ತಲೆ ತಗ್ಗಿಸಬೇಕು. ಸಾಲಿನಲ್ಲಿ ಇರುವಾಗ ಕೈ ತೊಡೆಗೆ ಅಂಟಿಕೊಂಡಿರಬೇಕು. ಬಾಯಿ ತೆರೆಯಲೇಬಾರದು.

ಯೋಚನೆ ಮಾಡಿ ಹೆಜ್ಜೆ ಇಡುವ ಸಿಪಾಯಿ ದಳವಾಯಿಗೆ ಬೇಡ. "ನನ್ನ ಮಾತು ನಿಮ್ಮ ಕಿವಿಗೆ ಬರಬಾರದು, ನೇರ ಕಾಲಿಗೆ ಬರಬೇಕು," ಎನ್ನುತ್ತಿದ್ದ. ಬಂದಿದೆಯೋ ಇಲ್ಲವೋ ನೋಡಲು ಕಣ್ಣು ಕಟ್ಟಿದ ಸಾಲನ್ನು ಕೋಟೆಯ ಕಂದಕಕ್ಕೆ ನಡೆಸುತ್ತಿದ್ದ. ನೀರು ಮೊಣಕಾಲಿಗೆ ಬರುತ್ತಿತ್ತು, ಸೊಂಟಕ್ಕೆ ಬರುತ್ತಿತ್ತು, ಗದ್ದಕ್ಕೆ ಬರುತ್ತಿತ್ತು. ಮೂಗಿಗೆ ಬಂದಾಗ ನಿಲ್ ಎನ್ನುತ್ತಿದ್ದ. ಅದಕ್ಕೆ ಮುಂಚೆ ತಾನಾಗಿ ನಿಂತವನ ಬೆನ್ನಿಗೆ ಬಾರುಕೋಲು. ನಿಲ್ಲದೆ ಹೋದವನ ಕೈಗೆ ಬೆಳ್ಳಿಯ ಕಡಗ.

ಹುಲಿಗೆಪ್ಪ ಎಂಬ ಪಹರೆಯ ನಾಯಕನ ಕೈಯಲ್ಲಿ ಆ ಕಡಗ ಇತ್ತು. ನೀರು ಮೂಗಿನೊಳಗೆ ನುಗ್ಗಿದರೂ ಅವನು ನಿಂತಿರಲಿಲ್ಲ. ಮದುವೆಯ ಮನೆ, ತಿಥಿಯ ಮನೆ ಎನ್ನದೆ ಹೋದಲ್ಲೆಲ್ಲ ಅದನ್ನು ಹೇಳಿಕೊಂಡು ಮೀಸೆ ತಿರುವುತ್ತಿದ್ದ. ಅವನ ಹೆಂಡತಿ ನಿಂಗವ್ವ, "ಮುಳುಗಲಿಕ್ಕೆ ಹೋಗಿದ್ದನ್ನ ಇಷ್ಟು ಸಂಭ್ರಮದಿಂದ ಹೇಳೋ ಗಂಡಸು ನೀವೊಬ್ಬರೇ," ಎಂದು ಗೊಣಗುತ್ತಿದ್ದಳು.

ಪಂಪಣ್ಣ ಕಿಸಕ್ಕನೆ ನಕ್ಕ.

"ನಗು, ನಗು," ಎಂದರು ಅಜ್ಜಾರು. "ನಾನೂ ಮೊದಲ ಸಲ ಕೇಳಿದಾಗ ನಕ್ಕಿದ್ದೆ."

ಒಂದು ವರ್ಷ ದಳವಾಯಿಗೆ ಕೋಟೆಯ ಗೋಡೆ ಎತ್ತರಿಸುವ ಹುಚ್ಚು ಹಿಡಿಯಿತು. ಕುಂಬಾರರ ಓಣಿಯ ಗಂಡಸರೆಲ್ಲ ಇಟ್ಟಿಗೆ ಸುಟ್ಟು ಕೊಡಬೇಕು, ಕೂಲಿ ಕೇಳಬಾರದು ಎಂದು ಅಪ್ಪಣೆ ಆಯಿತು. ಒಂದು ಬೇಸಿಗೆ ಸುಟ್ಟು ಕೊಟ್ಟರು. ಮುಂದಿನ ಬೇಸಿಗೆಯಲ್ಲಿ, "ಮಡಕೆ ಮಾಡದಿದ್ದರೆ ನಮ್ಮ ಮನೆಯ ಒಲೆ ಉರಿಯುವುದಿಲ್ಲ. ಇನ್ನು ನಮ್ಮಿಂದ ಆಗದು," ಎಂದರು. ದಳವಾಯಿ ಅವರನ್ನೆಲ್ಲ ಹಿಡಿಸಿ ಖಾಲಿ ಕಣಜದಲ್ಲಿ ಕೂಡಿಹಾಕಿದ. ಕವಾಯತಿನ ಮೈದಾನದ ಕೊನೆಗೆ ಹದ್ದಿನ ಬಂಡೆ ಎಂಬ ಬಂಡೆ ಇತ್ತು. ಅದರಾಚೆ ನೆಲವಿಲ್ಲ, ಕಮರಿ. ವಿಜಯದಶಮಿಯ ಬೆಳಿಗ್ಗೆ ಕುಂಬಾರರನ್ನು ಅಲ್ಲಿಂದ ತಳ್ಳಬೇಕು ಎಂದು ಹುಲಿಗೆಪ್ಪನಿಗೆ ಹೇಳಿದ.

"ಅಪ್ಪಣೆ," ಎಂದ ಹುಲಿಗೆಪ್ಪ. ಮಾತು ಸಲೀಸಾಗಿ ಬಂತು. ಬೇರೆ ಮಾತು ಆ ಬಾಯಿಗೆ ಅಭ್ಯಾಸವೇ ಇರಲಿಲ್ಲ.

ಅವನು ಕಣಜಕ್ಕೆ ಕುಡಿಯುವ ನೀರು ಕೊಡಿಸಲು ಹೋದಾಗ ಸಣ್ಣೀರ ಎಂಬ ಕುಂಬಾರ ಕಿಂಡಿಗೆ ಮುಖ ಇಟ್ಟ. ಬೈಯಲಿಲ್ಲ, ಕಾಲು ಹಿಡಿಯಲಿಲ್ಲ. ತಿಳಿದುಕೊಳ್ಳುವ ಆಸೆಯಿಂದ ಕೇಳಿದ.

"ನಾಯಕರೆ, ನಮ್ಮನ್ನ ತಳ್ಳೋ ಹೊತ್ತಿನಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿರುತ್ತೆ?"

"ಏನಿರುತ್ತೆ? ಏನೂ ಇರೋದಿಲ್ಲ."

"ಏನೂ ಅಂದರೆ ಏನೂ?"

"ಅಪ್ಪಣೆ ಆಗಿರುತ್ತೆ, ಮಾಡಿರುತ್ತೀನಿ. ಅಷ್ಟೇ."

"ಅಯ್ಯೋ ಪಾಪ," ಎಂದ ಸಣ್ಣೀರ.

ಸಾಯುವವನು ಕೊಲ್ಲುವವನಿಗೆ ಪಾಪ ಎಂದುಬಿಟ್ಟ! ಹುಲಿಗೆಪ್ಪನಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಊಟಕ್ಕೆ ಕುಳಿತ. ತಳ್ಳುವಾಗ ಮನಸ್ಸಿನಲ್ಲಿ ಏನಿರುತ್ತದೆ ಎಂದು ತನ್ನನ್ನೇ ಕೇಳಿಕೊಂಡ. ಒಳಗೆ ಇಣುಕಿ ನೋಡಿದ. ನಿಜಕ್ಕೂ ಅಲ್ಲಿ ಏನೂ ಕಾಣಲಿಲ್ಲ. ಇಷ್ಟು ವರ್ಷ ನಾನು ಹೊತ್ತು ತಿರುಗಿದ್ದು ಖಾಲಿ ಗಡಿಗೆಯೇ ಎಂದು ಅವನಿಗೆ ದಿಗಿಲಾಯಿತು.

"ನಿಂಗವ್ವ, ನಾನು ಎಂಥ ಮನುಷ್ಯ?" ಎಂದು ಹೆಂಡತಿಯನ್ನು ಕೇಳಿದ.

"ಒಳ್ಳೆಯವರೇ," ಎಂದಳು. "ಆದರೆ ಕೋಟೆಯಲ್ಲಿ ಕಹಳೆ ಊದಿದರೆ ಕೈಯಲ್ಲಿ ತುತ್ತು ಹಿಡಕೊಂಡೇ ಎದ್ದು ನಿಲ್ಲುತ್ತೀರಿ. ಸಾರು ಮೊಣಕೈಗೆ ಇಳಿಯುತ್ತಿರುತ್ತೆ. ನಿಮಗೆ ಗೊತ್ತೇ ಇರೋದಿಲ್ಲ."

ಗೊತ್ತಿರಲಿಲ್ಲ. ಅವನಿಗೆ ಕುತೂಹಲ ಹುಟ್ಟಿತು. ಮರುದಿನದ ಕವಾಯತಿನಲ್ಲಿ ತನ್ನ ಕಾಲಿನ ಮೇಲೆ ತಾನೇ ಕಣ್ಣಿಟ್ಟ. ನಡಿ ಎಂದ ಮೇಲೆ ಕಾಲು ಯಾವಾಗ ಏಳುತ್ತದೆ, ನಾನು ಅದಕ್ಕೆ ಯಾವಾಗ ಹೇಳುತ್ತೇನೆ, ನೋಡಿಯೇಬಿಡಬೇಕು ಎಂದುಕೊಂಡ. ನೋಡುವಷ್ಟರಲ್ಲಿ ಕಾಲು ಎದ್ದು ಹೋಗಿರುತ್ತಿತ್ತು. ಮತ್ತೆ ಕಾದ, ಮತ್ತೆ ತಪ್ಪಿಸಿಕೊಂಡಿತು. ಕಳ್ಳನನ್ನು ಹಿಡಿಯಲು ಅವಿತು ಕುಳಿತವನ ಹಾಗೆ ಇಡೀ ಬೆಳಿಗ್ಗೆ ಕಾದರೂ ಒಂದು ಸಲವೂ ಕಾಲು ಸಿಕ್ಕಿಬೀಳಲಿಲ್ಲ.

ಕುದುರೆ ಪಡೆಯ ಸರದಾರ ಹುಲಿಗೆಪ್ಪನಿಗೆ ಅಣ್ಣನ ಸಮಾನ. ಇಬ್ಬರೂ ಒಂದೇ ಸಾಲಿನಲ್ಲಿ ಕಂದಕಕ್ಕೆ ಇಳಿದವರು. ಹುಲಿಗೆಪ್ಪನ ಮೊದಲ ಮಗುವಿಗೆ ತೊಟ್ಟಿಲು ತಂದುಕೊಟ್ಟವನೂ ಅವನೇ. ಇವನ ಮುಖ ಇಳಿದದ್ದನ್ನು ಕಂಡು ಲಾಯಕ್ಕೆ ಕರೆದ. ಕುದುರೆಗೆ ಲಾಳ ಹೊಡೆಯುವ ಸದ್ದಿನ ನಡುವೆ ಕಿವಿಯ ಹತ್ತಿರ ಬಂದು, ಆ ಕೋಟೆಯಲ್ಲಿ ಆಡಬಾರದ ಮಾತು ಆಡಿದ.

"ದಳವಾಯಿಯನ್ನ ಹಿಡಿಯೋಣ. ಮಂತ್ರಿಗಳು ಗಾಣದ ಮನೆಯಲ್ಲಿ ಅಡಗಿದ್ದಾರೆ. ನಾವು ಇವನನ್ನ ಹಿಡಿದ ಕೂಡಲೇ ಅವರು ಎಳೆಯ ದೊರೆಯನ್ನ ಹೊರಗೆ ಕರೆತರುತ್ತಾರೆ. ಈಗ ಹೇಳು, ನನ್ನ ಜೊತೆ ಬರುತ್ತೀಯೋ, ಇಲ್ಲ ನನ್ನನ್ನ ಹಿಡಿದುಕೊಡುತ್ತೀಯೋ?"

ಸಂಚು ಹೊರಬಿದ್ದರೆ ಹುಲಿಗೆಪ್ಪನ ತಲೆ ಮಾತ್ರವಲ್ಲ, ನಿಂಗವ್ವ ಮತ್ತು ಮಕ್ಕಳ ತಲೆಯೂ ಉಳಿಯುವುದಿಲ್ಲ. ಸುಮ್ಮನಿದ್ದರೆ ವಿಜಯದಶಮಿಯ ಬೆಳಿಗ್ಗೆ ಕುಂಬಾರರ ಬೆನ್ನಿಗೆ ತನ್ನದೇ ಕೈ. ಆ ಕುದುರೆಯ ಲಾಳಕ್ಕೆ ಕೊನೆಯ ಮೊಳೆ ಬಿತ್ತು.

"ಬರುತ್ತೀನಿ," ಎಂದ ಕಡೆಗೆ. "ಆದರೆ ಅಣ್ಣಾ, ಒಂದು ಅನುಮಾನ. ನಾವು ಹತ್ತಿರ ಹೋದಾಗ ಅವನು ಕವಾಯತಿನ ಮಾತು ಕೂಗಿದರೆ?"

"ಕೂಗಲಿ ಬಿಡೋ. ಕವಾಯತು ಬೇರೆ, ಇದು ಬೇರೆ. ನಾವೇನು ಹೊಸ ಸಿಪಾಯಿಗಳಾ?"

ಹುಲಿಗೆಪ್ಪನಿಗೆ ಅದು ಸರಿ ಎನ್ನಿಸಿತು. ಇಷ್ಟು ದೊಡ್ಡ ಕೆಲಸದ ನಡುವೆ ಕಾಲಿನ ವಿಚಾರ ಎತ್ತಿದ್ದಕ್ಕೆ ನಾಚಿಕೆಯೂ ಆಯಿತು.

ಸಂಚು ಸರಳವಾಗಿತ್ತು. ವಿಜಯದಶಮಿಯ ಹಿಂದಿನ ದಿನ ಆಯುಧಪೂಜೆ. ಅಂದು ಪಡೆಯ ಕತ್ತಿ, ಈಟಿ, ಬಂದೂಕು ಎಲ್ಲ ದೇವಿಯ ಮುಂದೆ ರಾಶಿ ಬೀಳುತ್ತವೆ. ಸಂಜೆಯ ಮಂಗಳಾರತಿ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ರಾಶಿಯನ್ನು ಕಾಯುವ ಪಹರೆಯ ನಾಯಕನ ಸೊಂಟದಲ್ಲಿ ಒಂದು ಕತ್ತಿ, ಪಟ್ಟದ ಕುದುರೆಯನ್ನು ನಡೆಸುವ ಸರದಾರನ ಸೊಂಟದಲ್ಲಿ ಒಂದು. ಮಿಕ್ಕವರದೆಲ್ಲ ಬರಿಗೈ, ದಳವಾಯಿಯದೂ ಸೇರಿ. ಇಬ್ಬರೂ ಕಟ್ಟೆ ಹತ್ತಿ ಅವನ ಎಡಕ್ಕೊಂದು ಬಲಕ್ಕೊಂದು ಕತ್ತಿ ಹಿಡಿದರೆ ಮುಗಿಯಿತು. ತೊಟ್ಟು ರಕ್ತ ಬೀಳಬೇಕಾಗಿಲ್ಲ.

ಆ ದಿನ ಬಂತು. ನಡು ಹಗಲು. ಪಡೆ ಮೈದಾನದಲ್ಲಿ ಸಾಲುಗಟ್ಟಿ ನಿಂತಿತ್ತು. ದಳವಾಯಿ ಕೊರಳಿಗೆ ಹಾರ ಹಾಕಿಸಿಕೊಂಡು ಕಟ್ಟೆಯ ಮೇಲೆ ನಿಂತಿದ್ದ. ಸರದಾರ ಎಡಗಡೆಯಿಂದ ಮೆಟ್ಟಿಲು ಹತ್ತಿದ, ಹುಲಿಗೆಪ್ಪ ಬಲಗಡೆಯಿಂದ. ಇಬ್ಬರೂ ಕತ್ತಿ ಎಳೆದರು. ದಳವಾಯಿ ಆ ಕತ್ತಿ ನೋಡಿದ, ಈ ಕತ್ತಿ ನೋಡಿದ. ಅವನಿಗೆ ಎಲ್ಲ ತಿಳಿಯಿತು. ಓಡಲಿಲ್ಲ, ಯಾರನ್ನೂ ಕರೆಯಲಿಲ್ಲ. ಕವಾಯತಿನ ದನಿಯಲ್ಲಿ ಒಂದು ಮಾತು ಕೂಗಿದ.

"ಮಂಡಿ!"

ಸರದಾರನ ಮಂಡಿ ನೆಲ ಮುಟ್ಟಿತು. ಹುಲಿಗೆಪ್ಪನದೂ ಮುಟ್ಟಿತು. ಎರಡು ಕತ್ತಿಗಳು ದಳವಾಯಿಯ ಪಾದದ ಮುಂದೆ ಅಚ್ಚುಕಟ್ಟಾಗಿ ಬಿದ್ದುಕೊಂಡವು.

"ಅಯ್ಯೋ ಶಿವನೇ!" ಎಂದ ಪಂಪಣ್ಣ. "ಇದೆಂಥದು ಅಜ್ಜಾರೆ? ಅವರ ಮನಸ್ಸು ಬೇಡ ಅನ್ನಲಿಲ್ಲವೇ?"

"ಅಂದಿತು. ಆದರೆ ಮಂಡಿಗೆ ಯಾರು ಹೇಳಬೇಕು?"

ಹುಲಿಗೆಪ್ಪ ತಲೆ ತಗ್ಗಿಸಿಕೊಂಡೇ ತನ್ನ ಮಂಡಿಯನ್ನು ನೋಡಿದ. ಅವನಿಗೆ ಮೊದಲು ಬಂದದ್ದು ಭಯವಲ್ಲ, ಅಚ್ಚರಿ. ಅರೆ, ಇದು ಯಾವಾಗ ಕೆಳಗೆ ಹೋಯಿತು? ನಾನಂತೂ ಕಳಿಸಲಿಲ್ಲ! ಏಳು ಎಂದು ಮನಸ್ಸಿನಲ್ಲೇ ಹೇಳಿ ನೋಡಿದ. ಬೇರೆಯವರ ಮನೆಯ ಎತ್ತಿನ ಹಾಗೆ ಅದು ಅವನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ.

ದಳವಾಯಿ ಎರಡೂ ಕತ್ತಿಗಳನ್ನು ಕಾಲಿನಿಂದ ಕೆಳಗೆ ಒದ್ದ. ಹೊಟ್ಟೆ ಕುಲುಕಿಸಿ ನಕ್ಕ.

"ನೋಡಿದಿರೇನೋ ನನ್ನ ಹುಡುಗರನ್ನ! ನನ್ನನ್ನ ಕೊಲ್ಲಲಿಕ್ಕೆ ಬಂದರೂ ಕವಾಯತು ಮರೆತಿಲ್ಲ!"

ಆಮೇಲೆ ಅವನಿಗೆ ಒಂದು ಯೋಚನೆ ಬಂತು. ಕುಂಬಾರರ ಕೆಲಸಕ್ಕೆ ನಾಳೆಯ ತನಕ ಯಾಕೆ ಕಾಯಬೇಕು? ಅವರನ್ನು ಕಣಜದಿಂದ ತರಿಸಿ, ಕೈಕಟ್ಟಿ, ಹದ್ದಿನ ಬಂಡೆಯ ಪಕ್ಕದಲ್ಲಿ ನಿಲ್ಲಿಸಿದ. "ಮೊದಲು ಇವರಿಬ್ಬರು ಹೋಗುತ್ತಾರೆ. ಹೇಗೆ ಹೋಗಬೇಕು ಅಂತ ನೋಡಿ ಕಲಿಯಿರಿ," ಎಂದ. ಸರದಾರನನ್ನು ಮುಂದೆ, ಹುಲಿಗೆಪ್ಪನನ್ನು ಅವನ ಹಿಂದೆ ನಿಲ್ಲಿಸಿದ. ನಡುವೆ ತೋಳು ಚಾಚುವಷ್ಟು ದೂರ. ಕೈಗೆ ಹಗ್ಗ ಹಾಕಿಸಲಿಲ್ಲ. ಬೆನ್ನಿಗೆ ಈಟಿ ಹಿಡಿಸಲಿಲ್ಲ. ಅವನಿಗೆ ಅದೇ ಒಂದು ಜಂಬ.

"ನಡಿ!"

ಇಬ್ಬರೂ ನಡೆದರು. ಪಡೆ ನಿಂತಲ್ಲೇ ನಿಂತು ನೋಡಿತು. ಹುಲಿಗೆಪ್ಪನ ಕಣ್ಣ ಮುಂದೆ ಸರದಾರನ ಬೆನ್ನು, ಬೆವರಿಗೆ ಅಂಟಿಕೊಂಡ ಅಂಗಿ. ಇನ್ನೇನು ನಿಲ್ ಎನ್ನುತ್ತಾನೆ ಎಂದು ಹುಲಿಗೆಪ್ಪನ ಮನಸ್ಸು ಹೇಳುತ್ತಿತ್ತು. ಅಂದು ಕಂದಕದಲ್ಲಿ ನೀರು ಮೂಗಿಗೆ ಬಂದಾಗ ಎಂದಿರಲಿಲ್ಲವೇ? ಹೆದರಿಸುತ್ತಿದ್ದಾನೆ, ಕಡೆಯ ಹೆಜ್ಜೆಗೆ ಎಂದೇ ಎನ್ನುತ್ತಾನೆ. ತಾನು ಯಾರನ್ನು ಹಿಡಿಯಲು ಹೊರಟಿದ್ದನೋ ಅವನನ್ನೇ ಆ ಗಳಿಗೆಯಲ್ಲೂ ನಂಬಿದ್ದ, ನೋಡು. ಸರದಾರನೂ ಹಾಗೆಯೇ ನಂಬಿದ್ದನೋ ಏನೋ, ಕೇಳೋಣವೆಂದರೆ ಅವನಿಲ್ಲ. ದಳವಾಯಿ ನಿಲ್ ಎನ್ನಲಿಲ್ಲ. ಸರದಾರನ ಬಲಗಾಲು ಮುಂದೆ ಹೋಯಿತು. ಅಲ್ಲಿ ನೆಲ ಇರಲಿಲ್ಲ.

ಅವನು ಕೂಗಲೂ ಇಲ್ಲ. ಸಾಲಿನಲ್ಲಿ ಬಾಯಿ ತೆರೆಯಬಾರದಲ್ಲ.

ಪಂಪಣ್ಣ ಹಿಡಿದ ಹಣ್ಣನ್ನು ಹಿಡಿದುಕೊಂಡೇ ಕುಳಿತಿದ್ದ. ಬೀಜ ಬಿಡಿಸು ಎಂದು ಅಜ್ಜಾರು ಈಗ ಹೇಳಲಿಲ್ಲ.

"ನಿಲ್!" ಎಂದಿತು ದನಿ. ಹುಲಿಗೆಪ್ಪನ ಕಾಲುಗಳು ನಿಂತವು. ಇನ್ನೊಂದು ಹೆಜ್ಜೆಗೆ ಬಂಡೆ ಮುಗಿಯುತ್ತಿತ್ತು. ತೊಟ್ಟಿಲು ತಂದುಕೊಟ್ಟವನು ಹೋದನಲ್ಲ ಎಂದು ಅವನಿಗೆ ದುಃಖ ಉಕ್ಕಿ ಬಂತು. ಕಣ್ಣೀರು ಮೀಸೆಗೆ ಇಳಿಯಿತು. ಒರೆಸಿಕೊಳ್ಳೋಣವೆಂದರೆ ಕೈ ತೊಡೆ ಬಿಟ್ಟು ಬರಲಿಲ್ಲ. ದಳವಾಯಿ ಅವಸರ ಮಾಡಲಿಲ್ಲ. ಎಲ್ಲರೂ ಕಣ್ತುಂಬ ನೋಡಲಿ ಎಂದು ತಡೆದ.

ಆ ಬಿಡುವಿನಲ್ಲಿ ಹುಲಿಗೆಪ್ಪನ ಕಣ್ಣು ಪಕ್ಕಕ್ಕೆ ಹೊರಳಿತು. ಕುಂಬಾರರ ನಡುವೆ ಸಣ್ಣೀರ ನಿಂತಿದ್ದ. ಇವನ ಮುಖವನ್ನೇ ನೋಡುತ್ತಿದ್ದ. ಮುಂದಿನ ಸರದಿ ತನ್ನದು ಎಂಬುದನ್ನೂ ಮರೆತು, ಈ ಮನುಷ್ಯನ ಮನಸ್ಸಿನಲ್ಲಿ ಈಗಲಾದರೂ ಏನಾದರೂ ಇದೆಯೋ ಎಂದು ಹುಡುಕುವ ಹಾಗೆ ನೋಡುತ್ತಿದ್ದ. ಹುಲಿಗೆಪ್ಪನೂ ಒಳಗೆ ಇಣುಕಿದ. ಈ ಸಲ ಖಾಲಿ ಇರಲಿಲ್ಲ. ಒಂದು ಮಾತು ಕುಳಿತಿತ್ತು. ತೀರ ಸಣ್ಣ ಮಾತು. ಮನೆಯಲ್ಲಿ ಅವನ ಮಕ್ಕಳು ದಿನಕ್ಕೆ ನೂರು ಸಲ ಆಡಿ ಬೈಸಿಕೊಳ್ಳುವ ಮಾತು.

"ನಡಿ!"

ಎಡಗಾಲು ನೆಲ ಬಿಟ್ಟಿತು. ಅಷ್ಟರಲ್ಲಿ ಹುಲಿಗೆಪ್ಪನ ಬಾಯಿ ತೆರೆಯಿತು.

"ಯಾಕೆ?"

ಕಾಲು ಗಾಳಿಯಲ್ಲೇ ನಿಂತಿತು. ನಡಿ ಎಂದರೆ ಏನು ಮಾಡಬೇಕು ಎಂದು ಅದಕ್ಕೆ ಗೊತ್ತು. ಯಾಕೆ ಎಂದರೆ ಏನು ಮಾಡಬೇಕು ಎಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಸ್ವಲ್ಪ ತಡವರಿಸಿತು. ಆಮೇಲೆ ಹಿಂದಕ್ಕೆ ಬಂದು ಬಂಡೆಯ ಮೇಲೇ ಊರಿಕೊಂಡಿತು.

ಸಾಲಿನಲ್ಲಿ ಇದ್ದವನು ಬಾಯಿ ತೆರೆದದ್ದನ್ನು ಆ ಮೈದಾನ ಎಂದೂ ಕೇಳಿರಲಿಲ್ಲ. ಕಟ್ಟೆಯ ಮೇಲಿದ್ದವನೂ ಕೇಳಿರಲಿಲ್ಲ.

"ಏನಂದೆ?" ಎಂದ ದಳವಾಯಿ.

ಹುಲಿಗೆಪ್ಪ ತಿರುಗಿ ನಿಂತ. "ಯಾಕೆ ನಡೀಬೇಕು ಅಂದೆ, ಧಣಿ."

"ಯಾಕೆ ಅಂದರೆ? ನಾನು ಹೇಳಿದೆ ಅಂತ!"

"ಅದು ಗೊತ್ತಾಯಿತು. ಮತ್ತೆ?"

ಸಾಲಿನಲ್ಲಿ ಯಾರೋ ಫಕ್ಕನೆ ನಕ್ಕರು. ಅದು ನಗುವ ಹೊತ್ತಲ್ಲ, ಆದರೂ ನಗು ಬಂದುಬಿಟ್ಟಿತು. ದಳವಾಯಿಯ ಕಿವಿ ಕೆಂಪಾದವು. ಅವನು ಉತ್ತರ ಕೊಟ್ಟದ್ದೇ ಒಂದು ತಪ್ಪು. ಮುಂದಿನದು ಇನ್ನೂ ದೊಡ್ಡ ತಪ್ಪು. ಸಿಟ್ಟಿನ ಭರದಲ್ಲಿ ಕವಾಯತಿನ ಮಾತು ಬಿಟ್ಟು ಸಂತೆಯ ಜಗಳದ ಮಾತಿಗೆ ಇಳಿದ.

"ಮುಖ ಮುಖ ನೋಡ್ತಾ ನಿಂತಿದ್ದೀರಲ್ಲ, ಹಿಡೀರೋ ಅವನನ್ನ! ನೂಕ್ರೋ ಕೆಳಗೆ!"

ನಡಿ, ನಿಲ್, ಮಂಡಿ. ಪಡೆಯ ಕಾಲಿಗೆ ಇಳಿದದ್ದು ಈ ಮೂರು ಮಾತು. ಹಿಡಿ, ನೂಕು ಎಂಬುವು ಕಾಲಿಗೆ ಹೋಗಲಿಲ್ಲ, ಕಿವಿಗೆ ಹೋದವು. ಕಿವಿಯಿಂದ ತಲೆಗೆ ಹೋದವು. ಬೇರೆ ದಿನವಾಗಿದ್ದರೆ ತಲೆಯೂ ಒಪ್ಪಿಕೊಂಡು ಓಡುತ್ತಿತ್ತೋ ಏನೋ. ಅಂದು ಆ ತಲೆಗಳಲ್ಲಿ ಆಗಲೇ ಸರದಾರ ಇದ್ದ, ಅವನ ಬಲಗಾಲು ಇತ್ತು. ಹಿಡಿಯಬೇಕಾದವನು ನಾನೋ, ಪಕ್ಕದವನೋ? ಹಿಡಿದರೆ ನಾಳೆ ಬಂಡೆಯ ಮೇಲೆ ನಡೆಯುವವನು ಯಾರು? ಸಿಪಾಯಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನೂ ಕದಲಲಿಲ್ಲ.

ದಳವಾಯಿಗೆ ತಪ್ಪು ಹೊಳೆಯಿತು. ಗಂಟಲು ಹರಿಯುವ ಹಾಗೆ ಹಳೆಯ ಮಾತನ್ನೇ ಕೂಗಿದ.

"ಮಂಡಿ!"

ಸುಳ್ಳು ಯಾಕೆ ಹೇಳಲಿ ಪಂಪಣ್ಣ, ಎಷ್ಟೋ ಮಂಡಿಗಳು ಬಾಗಿದವು. ಕೆಲವು ನೆಲವನ್ನೇ ಮುಟ್ಟಿದವು. ಕೆಲವು ಅರ್ಧ ದಾರಿಗೆ ಬಂದು, ನಾಚಿಕೊಂಡು, ಮೇಲೆ ಹೋದವು. ಹುಲಿಗೆಪ್ಪನ ಮಂಡಿಯೂ ಬಾಗಿತು. ಅವನು ಅದರ ಮೇಲೆ ಫಟಾರನೆ ಒಂದು ಏಟು ಕೊಟ್ಟು, "ಏಳಲೇ ಮೂಳ," ಎಂದು ಬೈದ. ಅದು ಎದ್ದಿತು. ಏಟು ಕೊಟ್ಟದ್ದು ತನ್ನದೇ ಕೈ, ಅದು ತೊಡೆ ಬಿಟ್ಟು ಬಂದಿದೆ ಎಂದು ಅವನಿಗೆ ಆಮೇಲೆ ಗೊತ್ತಾಯಿತು.

ಅವನು ಕಟ್ಟೆಯ ಕಡೆಗೆ ನಡೆದ. ಯಾರೂ ನಡಿ ಎಂದಿರಲಿಲ್ಲ. ನಡೆದು ಹೋಗಿ ದಳವಾಯಿಯ ರಟ್ಟೆ ಹಿಡಿದ. ತಡೆಯಲು ಒಬ್ಬನೂ ಬರಲಿಲ್ಲ. ಹಿಡಿದು ನೋಡಿದರೆ ಅದು ಒಬ್ಬ ಮುದುಕನ ರಟ್ಟೆ. ನನ್ನ ಮಾವನ ರಟ್ಟೆಗಿಂತ ತೆಳ್ಳಗಿತ್ತು ಎಂದು ಆಮೇಲೆ ನಿಂಗವ್ವನಿಗೆ ಹೇಳಿದನಂತೆ.

ಕುಂಬಾರರ ಕಟ್ಟು ಬಿಚ್ಚಿದರು. ಓಣಿಯ ಹೆಂಗಸರು ಎದೆ ಬಡಿದುಕೊಂಡು ಓಡಿಬಂದವರು ಗಂಡಂದಿರನ್ನು ಕಂಡು ಬೈಯತೊಡಗಿದರು. ಮಂತ್ರಿ ಗಾಣದ ಮನೆಯಿಂದ ಹೊರಬಂದು ಅರಮನೆಯ ಬಾಗಿಲು ತೆಗೆಸಿದ. ಆ ಗದ್ದಲದಲ್ಲಿ ಸಿಪಾಯಿಗಳು ದಳವಾಯಿಯನ್ನು ಹದ್ದಿನ ಬಂಡೆಗೆ ಎಳೆದುಕೊಂಡು ಹೋದರು. ಇಬ್ಬರು ಅವನನ್ನು ತುದಿಯಲ್ಲಿ ಹಿಡಿದು ನಿಲ್ಲಿಸಿದರು. ಉಳಿದವರು ಹುಲಿಗೆಪ್ಪನ ಬಾಯನ್ನೇ ನೋಡತೊಡಗಿದರು.

"ಒಂದು ಮಾತು ಹೇಳಿ ನಾಯಕರೆ, ನೂಕಿಬಿಡುತ್ತೀವಿ. ನಮ್ಮ ಸರದಾರರನ್ನ ಕೊಂದವನು ಇವನು."

ಹುಲಿಗೆಪ್ಪ ಅವರನ್ನು ನೋಡಿದ. ಅವನಿಗೆ ಬೆಳಗಿನಿಂದ ಆಗದ ಹೆದರಿಕೆ ಆಗ ಆಯಿತು. ಯಾರೂ ಹೇಳಿರಲಿಲ್ಲ, ಅವರು ತಾವಾಗಿಯೇ ಸಾಲುಗಟ್ಟಿ ನಿಂತಿದ್ದರು. ಕೈಗಳು ತೊಡೆಗೆ ಅಂಟಿಕೊಂಡಿದ್ದವು.

"ನನ್ನ ಮಾತು ಯಾಕೆ ಬೇಕು ನಿಮಗೆ?" ಎಂದ.

ಅವನು ಬಂಡೆಯ ತುದಿಗೆ ಹೋಗಿ ಕಮರಿಯೊಳಗೆ ನೋಡಿದ. ತುಂಬ ಹೊತ್ತು ನೋಡಿದ. "ಅಣ್ಣನ ಹೆಗಲು ನನಗೆ ಎಟುಕುವಷ್ಟು ಹತ್ತಿರ ಇತ್ತು," ಎಂದ. "ಹಿಡಿದು ಎಳೆದಿದ್ದರೆ ಸಾಕಿತ್ತು." ಅಷ್ಟು ಹೇಳಿ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತ.

ಅದನ್ನು ಕೇಳಿದ ಮೇಲೆ ದಳವಾಯಿಯನ್ನು ನೂಕಲು ಯಾರೂ ಮುಂದೆ ಬರಲಿಲ್ಲ. ಮಂತ್ರಿ ವಿಚಾರಣೆ ಮಾಡಿಸಿ ಅವನನ್ನು ಗಡಿಯಾಚೆಗೆ ಅಟ್ಟಿದ. ಅಲ್ಲಿ ಯಾರದೋ ಹಟ್ಟಿಯಲ್ಲಿ ಇನ್ನಷ್ಟು ಕಾಲ ಬದುಕಿ, ಮುಪ್ಪಾಗಿ, ಹಾಸಿಗೆಯ ಮೇಲೆ ಸತ್ತ. ಕತೆ ಇಷ್ಟೇ.

ಪಂಪಣ್ಣನಿಗೆ ಸಿಟ್ಟು ಬಂದಿತ್ತು. "ಇದು ಅನ್ಯಾಯ ಅಜ್ಜಾರೆ! ಸರದಾರನನ್ನು ಕೊಂದವನು ಹಾಸಿಗೆಯ ಮೇಲೆ ಸುಖವಾಗಿ ಸಾಯುವುದೇ?"

"ಸರದಾರನನ್ನು ಕೊಂದವನು ಯಾರು?"

"ದಳವಾಯಿ! ಮತ್ತೆ ಯಾರು?"

ಅಜ್ಜಾರು ಶಿಷ್ಯನ ಮುಖ ನೋಡಿದರು.

"ಕೂಗಿದ ಬಾಯಿ ಒಂದು, ಪಂಪಣ್ಣ, ತೊಡೆ ಬಿಟ್ಟು ಬಾರದ ಕೈ ಎಷ್ಟು?"